ಇದನ್ನೂ ಕರ್ತವ್ಯದ ಗಾಯವೆಂದು ಬರೆದುಕೊಳ್ಳಿ

ಗೆ,
ಮಾನ್ಯ ಗೃಹ ಸಚಿವರು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು
ಹಾಗೂ
ಪೊಲೀಸ್ ಮಹಾನಿರ್ದೇಶಕರು, ನೃಪತುಂಗ ರಸ್ತೆ, ಬೆಂಗಳೂರು

ವಿಷಯ: ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಯನ್ನು ಕಾಡುವ ಆಘಾತೋತ್ತರ ಮಾನಸಿಕ ಒತ್ತಡವನ್ನು ಕರ್ತವ್ಯದ ವೇಳೆ ಆದ ಗಾಯವೆಂದು ಪರಿಗಣಿಸಿ, ಚಿಕಿತ್ಸೆ ಮತ್ತು ಸೇವಾ ರಕ್ಷಣೆ ಒದಗಿಸುವ ಕುರಿತು.

ಮಾನ್ಯರೇ,

ನಾನು ಹೆಡ್ ಕಾನ್‌ಸ್ಟೆಬಲ್ ಒಬ್ಬರ ಹೆಂಡತಿ. ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ಈ ಪತ್ರವನ್ನು ನನ್ನ ಗಂಡನೇ ಬರೆಯಬೇಕಿತ್ತು, ಆದರೆ ಅವರು ಬರೆಯುವಂತಿಲ್ಲ. ಪೊಲೀಸರು ಸಂಘ ಕಟ್ಟುವುದಕ್ಕೂ ಅನುಮತಿಯಿಲ್ಲದೆ ಪತ್ರಿಕೆಗಳ ಮುಂದೆ ಬಾಯಿ ಬಿಡುವುದಕ್ಕೂ 1966ರ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆ ಅಡ್ಡ ನಿಂತಿದೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ರಾಜ್ಯದ ಪೊಲೀಸರು ಹೊರಟಾಗ ಸಂಬಳ, ರಜೆ, ದುಡಿಮೆಯ ಅವಧಿಯ ಮಾತು ಬೀದಿಗೆ ಬಂತು. ಅದರ ಬೆನ್ನಿಗೇ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ವೇತನದ ತಾರತಮ್ಯದ ಬಗ್ಗೆ ವರದಿ ಕೊಟ್ಟಿತು. ಸಂಬಳದ ಲೆಕ್ಕ ಹಾಕುವುದು ಸುಲಭ. ನಾನು ಹೇಳಹೊರಟಿರುವುದು ಸಂಬಳದ ಚೀಟಿಯಲ್ಲಿ ಕಾಣದ ಸಂಗತಿ.

ನನ್ನ ಅಹವಾಲು ಒಂದೇ. ಬಂದೋಬಸ್ತ್‌ನಲ್ಲಿ ಕಲ್ಲು ಬಿದ್ದು ಪೊಲೀಸಿನವನ ತಲೆ ಒಡೆದರೆ ಅದು ಕರ್ತವ್ಯದ ವೇಳೆ ಆದ ಗಾಯ. ಅವನನ್ನು ಆಸ್ಪತ್ರೆಗೆ ಸೇರಿಸುತ್ತಾರೆ, ಸಾಹೇಬರು ಹಣ್ಣು ಹಿಡಿದು ನೋಡಲು ಬರುತ್ತಾರೆ, ಠಾಣೆಯವರು ಸರದಿಯ ಮೇಲೆ ಜೊತೆಗಿರುತ್ತಾರೆ. ಅದೇ ಮನುಷ್ಯ ಅದೇ ಕರ್ತವ್ಯದಲ್ಲಿ ಕಂಡದ್ದನ್ನು ಮರೆಯಲಾಗದೆ ನಿದ್ದೆಗೆಟ್ಟು, ಬೆಳಗಿನ ರೋಲ್‌ಕಾಲ್‌ಗೆ ತಡವಾಗಿ ಹೋದರೆ ಕೈಗೆ ಸಿಗುವುದು ಮೆಮೊ. ಮೈಗಾದ ಗಾಯಕ್ಕೆ ರಜೆ, ಮನಸ್ಸಿಗಾದ ಗಾಯಕ್ಕೆ ಶಿಸ್ತುಕ್ರಮ. ಈ ಎರಡು ಅಳತೆ ಹೋಗಬೇಕು.

ಇವರು ಏನನ್ನು ನೋಡುತ್ತಾರೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಜನರ ಕಣ್ಣಿಗೆ ಬೀಳುವುದಿಲ್ಲ. ಸಿಗ್ನಲ್‌ನಲ್ಲಿ, ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ನಿಂತ ಪೊಲೀಸನ್ನು ಎಲ್ಲರೂ ಕಂಡಿದ್ದಾರೆ. ರೈಲು ಹಳಿಯ ಮೇಲೆ ಚೆದುರಿದ ದೇಹವನ್ನು ಗೋಣಿತಾಟಿನಲ್ಲಿ ಆಯುವ ಪೊಲೀಸನ್ನು ಕಂಡವರು ಕಡಿಮೆ. ಅಸಹಜ ಸಾವಾದರೆ ಠಾಣೆಯಲ್ಲಿ ಪ್ರಕರಣ ದಾಖಲಾಗುತ್ತದೆ. ಶವವನ್ನು ಕೆರೆಯಿಂದ ಎತ್ತಿಸುವುದು, ಮರದಿಂದ ಇಳಿಸುವುದು, ಪಂಚರ ಮುಂದೆ ಮೈಮೇಲಿನ ಗುರುತುಗಳನ್ನು ಬರೆದುಕೊಳ್ಳುವುದು, ಶವಾಗಾರದ ಬಾಗಿಲಲ್ಲಿ ಕಾಯುವುದು, ಕೊನೆಗೆ ತಾಯಿ ತಂದೆಗೆ ಸುದ್ದಿ ಮುಟ್ಟಿಸುವುದು, ಎಲ್ಲವೂ ಕಾನ್‌ಸ್ಟೆಬಲ್ (ಪಿಸಿ), ಹೆಡ್ ಕಾನ್‌ಸ್ಟೆಬಲ್ (ಎಚ್‌ಸಿ) ಅವರ ಕೆಲಸ. ಅನಾಥ ಶವವಾದರೆ ಮಣ್ಣು ಮಾಡುವವರೆಗೂ ಅವರೇ ಅದರ ವಾರಸುದಾರರು. ವೈದ್ಯರು ವರ್ಷಗಟ್ಟಲೆ ಓದಿ ಈ ಕೆಲಸಕ್ಕೆ ಸಿದ್ಧರಾಗುತ್ತಾರೆ. ನಮ್ಮ ಹುಡುಗರು ಪರೇಡ್, ಕಾನೂನು, ಬಂದೂಕು ಕಲಿತು, ಪೋಸ್ಟಿಂಗ್ ಆದ ಕೆಲವೇ ವಾರಗಳಲ್ಲಿ ಶವದ ಮುಂದೆ ನಿಲ್ಲುತ್ತಾರೆ.

ದೊಡ್ಡ ದುರಂತಗಳ ಮಾತು ಬೇರೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಕಮರಿಗೆ ಬಿದ್ದು 158 ಜನ ಸತ್ತರು. ಸುಟ್ಟ ದೇಹಗಳನ್ನು ಗುಡ್ಡದ ಇಳಿಜಾರಿನಿಂದ ಹೊತ್ತು ತಂದವರು ಪೊಲೀಸರು, ಅಗ್ನಿಶಾಮಕದವರು, ಸುತ್ತಲಿನ ಊರಿನವರು. ಗುರುತು ಹತ್ತದ 12 ದೇಹಗಳನ್ನು ಕೊನೆಗೆ ಒಟ್ಟಿಗೆ ಹೂಳಬೇಕಾಯಿತು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದಾಗ ಅವಶೇಷದೊಳಗಿನ ಕೂಗನ್ನು ದಿನಗಟ್ಟಲೆ ಕೇಳಿಸಿಕೊಂಡವರು ರಕ್ಷಣಾ ಸಿಬ್ಬಂದಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಗಂಗಾವಳಿ ನದಿಯ ತಳ ಸೇರಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ಕಾಲವೂ ಕಾಣೆಯಾದವರ ಸಂಬಂಧಿಕರು ಕಾದಿದ್ದರು, ಅವರ ಪ್ರಶ್ನೆಗಳಿಗೆ ಉತ್ತರಿಸಲು ಪೊಲೀಸರು ನಿಂತಿದ್ದರು.

ಅಗ್ನಿಶಾಮಕದವರ ಪಾಡು ಕೇಳಿ. ಬೆಂಕಿಯಷ್ಟೇ ಅಲ್ಲ, ಬಾವಿ, ಕೆರೆ, ಕೊಳವೆಬಾವಿ ಎಲ್ಲಕ್ಕೂ ಅವರಿಗೇ ಕರೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗು ಬದುಕಿ ಬಂತು, ನಾಡಿಗೆ ನಾಡೇ ಕುಣಿಯಿತು. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಮಗು ಬದುಕಲಿಲ್ಲ. ಎರಡು ಕಡೆಯೂ ಹಗಲು ರಾತ್ರಿ ಮಣ್ಣು ತೆಗೆದ ಕೈಗಳಿದ್ದವು. ಗೆದ್ದವರಿಗೆ ಸನ್ಮಾನವಾಯಿತು. ಸೋತು ಬಂದವರು ತಮ್ಮನ್ನೇ ಶಪಿಸಿಕೊಳ್ಳುತ್ತ ಮನೆಗೆ ಹೋದರೆ ಅವರ ಮನೆಯ ಬಾಗಿಲು ತಟ್ಟಿದವರು ಯಾರು?

108 ಆಂಬುಲೆನ್ಸ್‌ನಲ್ಲಿರುವ ಪೈಲಟ್ ಎಂಬ ಚಾಲಕನನ್ನು, ಇಎಂಟಿ ಎಂಬ ತುರ್ತು ವೈದ್ಯಕೀಯ ತಂತ್ರಜ್ಞನನ್ನು ನಾವು ನೆನಪಿಗೇ ತಂದುಕೊಳ್ಳುವುದಿಲ್ಲ. 2008ರಿಂದ ಈ ಸೇವೆ ನಮ್ಮ ರಾಜ್ಯದಲ್ಲಿದೆ. ಹೆದ್ದಾರಿಯಲ್ಲಿ ಜಜ್ಜಿಹೋದ ಕಾರಿನಿಂದ ಮನುಷ್ಯನನ್ನು ಬಿಡಿಸಿ, ದಾರಿಯುದ್ದಕ್ಕೂ ಉಸಿರು ಹಿಡಿದಿಟ್ಟು, ಆಸ್ಪತ್ರೆಯ ಮುಂದೆಯೇ ಅವನನ್ನು ಕಳೆದುಕೊಂಡು, ವಾಹನ ತೊಳೆದು ಮುಂದಿನ ಕರೆಗೆ ಓಡುವವರು ಅವರು. ಸರ್ಕಾರದ ಕಾಯಂ ನೌಕರಿಯ ಭದ್ರತೆಯೂ ಅವರಿಗಿಲ್ಲ.

ನೋಡುವುದಷ್ಟೇ ಅಲ್ಲ, ಕೇಳುವುದೂ ಗಾಯ ಮಾಡುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಸಮವಸ್ತ್ರವಿಲ್ಲದೆ ಪಡೆಯಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಮಗುವಿನ ದೃಷ್ಟಿಯಿಂದ ಅದು ಒಳ್ಳೆಯ ನಿಯಮ. ಆದರೆ ಆ ಹೆಣ್ಣುಮಗಳು ಅಂಥ ಮಾತುಗಳನ್ನು ಒಂದಾದ ಮೇಲೊಂದು ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ, ಆರೋಪಪಟ್ಟಿಗಾಗಿ ಮತ್ತೆ ಓದುತ್ತಾಳೆ, ಸಂಜೆ ಮನೆಗೆ ಹೋಗಿ ತನ್ನ ಮಗಳ ತಲೆ ಬಾಚುತ್ತಾಳೆ. ಕೆಟ್ಟ ಘಟನೆಯ ವಿವರಗಳಿಗೆ ವೃತ್ತಿಯ ಕಾರಣದಿಂದ ಪದೇ ಪದೇ ಒಡ್ಡಿಕೊಳ್ಳುವುದೂ ಪಿಟಿಎಸ್‌ಡಿಗೆ, ಅಂದರೆ ಆಘಾತೋತ್ತರ ಮಾನಸಿಕ ಒತ್ತಡಕ್ಕೆ, ಕಾರಣವಾಗಬಲ್ಲದು ಎಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಸ್ಪಷ್ಟವಾಗಿ ಸೇರಿಸಿತು. ಅಲ್ಲಿ ಕೊಟ್ಟಿರುವ ಉದಾಹರಣೆಗಳೇ ಎರಡು: ಮನುಷ್ಯರ ಅವಶೇಷಗಳನ್ನು ಸಂಗ್ರಹಿಸುವ ರಕ್ಷಣಾ ಸಿಬ್ಬಂದಿ, ಮಕ್ಕಳ ಮೇಲಿನ ದೌರ್ಜನ್ಯದ ವಿವರ ಕೇಳುವ ಪೊಲೀಸರು. ನಮ್ಮ ಮನೆಯವರ ದಿನಚರಿಯನ್ನೇ ನೋಡಿ ಬರೆದಂತಿದೆ.

ಕಾಯಿಲೆಯ ಚಹರೆ ಹೀಗಿರುತ್ತದೆ. ಕಂಡದ್ದು ಕನಸಿನಲ್ಲೂ ಹಗಲಿನಲ್ಲೂ ಮತ್ತೆ ಮತ್ತೆ ಕಣ್ಣ ಮುಂದೆ ನಡೆಯುತ್ತದೆ. ಅದನ್ನು ನೆನಪಿಸುವ ಜಾಗ, ವಾಸನೆ, ಮಾತನ್ನು ಮನುಷ್ಯ ತಪ್ಪಿಸಿಕೊಂಡು ಓಡಾಡುತ್ತಾನೆ. ಸಣ್ಣ ಸದ್ದಿಗೂ ಬೆಚ್ಚುತ್ತಾನೆ, ಸಣ್ಣ ಮಾತಿಗೂ ಸಿಡಿಯುತ್ತಾನೆ. ಪ್ರೀತಿ, ಸಂತೋಷ ಒಳಗೆ ಇಳಿಯುವುದೇ ಇಲ್ಲ. ಭೀಕರ ಘಟನೆ ಕಂಡ ಯಾರಿಗಾದರೂ ಮೊದಲ ಕೆಲವು ದಿನ ಹೀಗಾಗುವುದು ಸಹಜ, ಹೆಚ್ಚಿನವರು ತಾವೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ದಾಟಿದರೂ ಬಿಡದಿದ್ದರೆ, ಬದುಕು ಅಸ್ತವ್ಯಸ್ತವಾದರೆ, ಆಗ ಅದು ಚಿಕಿತ್ಸೆ ಬೇಡುವ ಕಾಯಿಲೆ.

ನನ್ನ ಗಂಡ ಹೆದ್ದಾರಿಯ ಅಪಘಾತವೊಂದರಲ್ಲಿ ಪುಟ್ಟ ಮಕ್ಕಳ ಶವಗಳನ್ನು ವ್ಯಾನಿನಿಂದ ತೆಗೆದರು. ಆ ಮೇಲೆ ನಮ್ಮ ಮಗ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಎದುರು ಬಂದರೆ ಮುಖ ತಿರುಗಿಸಿ ಹೊರಗೆ ಹೋಗುತ್ತಿದ್ದರು. ಅವನಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ. ನಮ್ಮತ್ತೆ ಗಾಳಿ ಮೆಟ್ಟಿಕೊಂಡಿದೆ ಎಂದು ತಾಯತ ಕಟ್ಟಿಸಿದರು. ಠಾಣೆಯಲ್ಲಿ ಹಿರಿಯರೊಬ್ಬರು, ಕಕ್ಕುಲಾತಿಯಿಂದಲೇ, ಒಂದು ಕ್ವಾರ್ಟರ್ ಹಾಕಿ ಮಲಗು ಎಂದರು. ಬಂದೋಬಸ್ತ್‌ಗೆ ತಡವಾಗಿ ಹೋದದ್ದಕ್ಕೆ ಮೇಲಧಿಕಾರಿ ಮೆಮೊ ಕೊಟ್ಟರು. ನಿನಗೇನಾಗಿದೆ ಎಂದು ಕೇಳಬೇಕಾದ ಜಾಗದಲ್ಲಿ ಯಾಕೆ ತಡವಾಯಿತು ಎಂದಷ್ಟೇ ಕೇಳಿದರು. ಕೊನೆಗೆ ಮನೋವೈದ್ಯರ ಹತ್ತಿರ ಹೋದದ್ದು ಬೇರೆ ಜಿಲ್ಲೆಗೆ, ನೆಂಟರ ಮದುವೆಯ ನೆಪ ಹೇಳಿ. ಚಿಕಿತ್ಸೆ ಫಲಿಸಿತು. ಈಗ ಅವರು ಕೆಲಸದಲ್ಲಿದ್ದಾರೆ, ಮಗನನ್ನು ತಾವೇ ಶಾಲೆಗೆ ಬಿಡುತ್ತಾರೆ. ವಾಸಿಯಾಗುವ ಕಾಯಿಲೆಗೆ ಕಳ್ಳರ ಹಾಗೆ ಔಷಧಿ ತೆಗೆದುಕೊಳ್ಳಬೇಕಾದ ಸ್ಥಿತಿಯೇ ನನ್ನ ದೂರು.

ಇವರೆಲ್ಲ ಬಾಯಿ ಬಿಡದಿರುವುದಕ್ಕೆ ಕಾರಣಗಳಿವೆ. ಖಾಕಿ ಹಾಕಿದವನ ಗುಂಡಿಗೆ ಗಟ್ಟಿಯಿರಬೇಕು ಎಂಬ ಮಾತು ತರಬೇತಿಯ ಮೊದಲ ದಿನದಿಂದ ಕಿವಿಗೆ ಬೀಳುತ್ತದೆ. ತಲೆ ಕೆಟ್ಟವನು ಎಂಬ ಹೆಸರು ಒಮ್ಮೆ ಅಂಟಿದರೆ ಬಡ್ತಿ ಹೋಯಿತು, ಒಳ್ಳೆಯ ಪೋಸ್ಟಿಂಗ್ ಹೋಯಿತು, ಬಂದೂಕು ಕಿತ್ತುಕೊಂಡರೆ ಮಾನವೂ ಹೋಯಿತು ಎಂಬ ಭಯ. ಬಿಡುವಂತೂ ಇಲ್ಲವೇ ಇಲ್ಲ. ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ದೇಶದ ಪೊಲೀಸ್ ಸ್ಥಿತಿಗತಿ ವರದಿಯ ಪ್ರಕಾರ ದೇಶದ ಪೊಲೀಸರ ದಿನದ ಸರಾಸರಿ ದುಡಿಮೆ 14 ಗಂಟೆಯಾಗಿತ್ತು. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಮನೋಚೈತನ್ಯ ಯೋಜನೆ ನಮ್ಮ ರಾಜ್ಯದಲ್ಲಿದೆ, ಅದು ಹೆಮ್ಮೆಯ ವಿಷಯ. ಆದರೆ ನಿನ್ನೆ ತಾನೇ ಆರೋಪಿಯನ್ನು ವೈದ್ಯಕೀಯ ಪರೀಕ್ಷೆಗೆ ಕರೆತಂದ ಅದೇ ಆಸ್ಪತ್ರೆಯ ಸಾಲಿನಲ್ಲಿ, ಊರಿಗೆ ಊರೇ ನೋಡುವಾಗ, ಪೊಲೀಸಿನವನು ಮನೋವೈದ್ಯರ ಚೀಟಿ ಹಿಡಿದು ಹೇಗೆ ನಿಂತಾನು?

ಇಲಾಖೆ ಏನೂ ಮಾಡುತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ ಅಲ್ಲಲ್ಲಿ ನಡೆಯುತ್ತವೆ, ಅವುಗಳಿಂದ ಒಳ್ಳೆಯದೂ ಆಗುತ್ತದೆ. ಆದರೆ ಈ ಕಾಯಿಲೆ ಒಂದು ಮಧ್ಯಾಹ್ನದ ಭಾಷಣಕ್ಕೆ ಬಗ್ಗುವಂಥದ್ದಲ್ಲ. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಒಂದೇ ಬಾರಿಗೆ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಪಶ್ಚಿಮದ ದೇಶಗಳಲ್ಲಿ ಜನಪ್ರಿಯವಾಗಿತ್ತು. ಅದು ಪಿಟಿಎಸ್‌ಡಿಯನ್ನು ತಡೆಯುವುದಿಲ್ಲವೆಂದು ಅಧ್ಯಯನಗಳ ಪರಿಶೀಲನೆಯಲ್ಲಿ ಕಂಡುಬಂದ ಮೇಲೆ ತಜ್ಞರು ಅದನ್ನು ಕೈಬಿಟ್ಟರು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮಾನಸಿಕ ಪ್ರಥಮ ಚಿಕಿತ್ಸೆಯನ್ನು: ಮೊದಲು ಸುರಕ್ಷತೆ, ಊಟ, ವಿಶ್ರಾಂತಿ, ಬಲವಂತವಿಲ್ಲದೆ ಆಲಿಸುವ ಕಿವಿ, ಬೇಕಾದವರಿಗೆ ಮುಂದಿನ ಚಿಕಿತ್ಸೆಯ ದಾರಿ. ಕಾಯಿಲೆಯಾಗಿ ನಿಂತರೆ ಆಘಾತವನ್ನೇ ಗುರಿಯಾಗಿಸಿದ ಮಾತಿನ ಚಿಕಿತ್ಸೆಗಳಿವೆ, ಇಎಂಡಿಆರ್ ಎಂಬ ವಿಧಾನವಿದೆ, ಔಷಧಿಗಳಿವೆ. ಇವನ್ನೆಲ್ಲ ಬಲ್ಲ ನಿಮ್ಹಾನ್ಸ್ ನಮ್ಮ ರಾಜಧಾನಿಯಲ್ಲೇ ಇದೆ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗವನ್ನು 1980ರ ದಶಕದಲ್ಲಿ ಅದು ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ.

ಕಾನೂನೂ ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಂ ಸರ್ಕಾರಿ ನೆರವಿನ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. 21ನೇ ಕಲಂ ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಗೆ ಸಮನಾಗಿ ಕಾಣಬೇಕೆನ್ನುತ್ತದೆ. 23ನೇ ಕಲಂ ರೋಗಿಯ ಗೋಪ್ಯತೆಯನ್ನು ಕಾಯುತ್ತದೆ. ಇವುಗಳಲ್ಲಿ ಯಾವ ಕಲಮೂ ಪೊಲೀಸರನ್ನು ಹೊರತುಪಡಿಸಿ ಎಂದು ಹೇಳಿಲ್ಲ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಮಾನಸಿಕ ಕಾಯಿಲೆಯಿರುವ ನೌಕರನ ನಡವಳಿಕೆಯಲ್ಲಿ ಆ ಕಾಯಿಲೆಯ ಪಾಲಿದ್ದರೂ ಅವನ ಮೇಲೆ ಶಿಸ್ತುಕ್ರಮಕ್ಕೆ ಹೊರಡುವುದು ತಾರತಮ್ಯವಾಗುತ್ತದೆ ಎಂದಿತು. ಈಗಿನ ಕೆಲಸ ಆ ಅಧಿಕಾರಿಗೆ ಹೊಂದದಿದ್ದರೆ ಸಂಬಳ, ಸೇವಾ ಷರತ್ತುಗಳಿಗೆ ಧಕ್ಕೆಯಿಲ್ಲದಂತೆ ಬೇರೆ ಹುದ್ದೆ ಕೊಡಿ, ಬೇಕಿದ್ದರೆ ಬಂದೂಕಿಲ್ಲದ ಹುದ್ದೆ ಕೊಡಿ ಎಂದಿತು. ಆಯುಧ ಕೈಯಲ್ಲಿರುವವರ ವಿಷಯದಲ್ಲಿ ಏನು ಮಾಡುವುದು ಎಂಬ ತಮ್ಮ ಇಲಾಖೆಯ ನ್ಯಾಯವಾದ ಚಿಂತೆಗೆ ಆ ತೀರ್ಪಿನಲ್ಲೇ ಉತ್ತರವಿದೆ.

ಮಾದರಿಗಳಿಗೂ ಕೊರತೆಯಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ 2016ರಲ್ಲಿ ಕಾನೂನು ತಂದು, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗೆ ಪಿಟಿಎಸ್‌ಡಿ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಮೊದಲೇ ಒಪ್ಪಿಕೊಳ್ಳುವ ವ್ಯವಸ್ಥೆ ಮಾಡಿತು. ಕಾಯಿಲೆ ಬಿದ್ದವನು ಅದನ್ನು ರುಜುವಾತು ಮಾಡಲು ಅಲೆಯಬೇಕಾಗಿಲ್ಲ. ನಮ್ಮ ದೇಶದಲ್ಲೇ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಸೇನಾ ಪಡೆಗಳವರಿಗೆಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಪ್ರತ್ಯೇಕ ಘಟಕ ತೆರೆಯಿತು. ಗಡಿ ಕಾಯುವವರಿಗೆ ಸಿಕ್ಕದ್ದು ಊರು ಕಾಯುವವರಿಗೂ ಸಿಗಲಿ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇವು:

1. ಕರ್ತವ್ಯದಲ್ಲಿ ಕಂಡ, ಕೇಳಿದ ಘಟನೆಗಳಿಂದ ಬಂದ ಪಿಟಿಎಸ್‌ಡಿಯನ್ನು ಕರ್ತವ್ಯದ ವೇಳೆ ಆದ ಗಾಯವೆಂದು ಸರ್ಕಾರಿ ಆದೇಶದಲ್ಲಿ ಸೇರಿಸಬೇಕು. ಚಿಕಿತ್ಸೆಯ ದಿನಗಳನ್ನು ಗಾಯಾಳುವಿನ ರಜೆಯಂತೆಯೇ ಪರಿಗಣಿಸಬೇಕು.

2. ಸಾಮೂಹಿಕ ಸಾವು, ಮಕ್ಕಳ ಸಾವು, ಸಹೋದ್ಯೋಗಿಯ ಸಾವಿನಂಥ ಘಟನೆಗಳಲ್ಲಿ ಕೆಲಸ ಮಾಡಿದವರ ಹೆಸರು ಪಟ್ಟಿಯಾಗಬೇಕು. ಅವರಿಗೆ ಕೂಡಲೇ ವಿಶ್ರಾಂತಿ, ತಿಂಗಳ ಬಳಿಕ ಒಮ್ಮೆ, ಮತ್ತೆ ಕೆಲವು ತಿಂಗಳಿಗೊಮ್ಮೆ ತಪಾಸಣೆ ಆಗಬೇಕು. ಎಲ್ಲರಿಗೂ ಕಡ್ಡಾಯವಾದರೆ ಯಾರಿಗೂ ಕಳಂಕ ಅಂಟುವುದಿಲ್ಲ.

3. ತಪಾಸಣೆಯ ವಿವರ ಇಲಾಖೆಯ ಸೇವಾ ಪುಸ್ತಕಕ್ಕೆ ಹೋಗಬಾರದು. ಮೇಲಧಿಕಾರಿಗೆ ತಿಳಿಯಬೇಕಾದದ್ದು ಈತ ಯಾವ ಕೆಲಸಕ್ಕೆ ಅರ್ಹ ಎಂಬುದು ಮಾತ್ರ, ಕಾಯಿಲೆಯ ಹೆಸರಲ್ಲ. ಚಿಕಿತ್ಸೆ ಪಡೆದ ಕಾರಣಕ್ಕೆ ಬಡ್ತಿ ತಡೆಯುವುದಿಲ್ಲವೆಂದು ಲಿಖಿತ ಭರವಸೆ ಬೇಕು.

4. ಕುಡಿತ, ಗೈರುಹಾಜರಿ, ಸಿಡುಕಿನ ದೂರುಗಳಲ್ಲಿ ಮೆಮೊ ಕೊಡುವ ಮೊದಲು ವೈದ್ಯರ ಅಭಿಪ್ರಾಯ ಪಡೆಯಬೇಕು. ಜನರ ಮೇಲೆ ಕೈಮಾಡಿದವರನ್ನು ಇದರ ಮರೆಯಲ್ಲಿ ಬಚಾವು ಮಾಡಿ ಎಂದು ನಾನು ಕೇಳುತ್ತಿಲ್ಲ. ಕಾಯಿಲೆಯನ್ನು ಮೊದಲೇ ಗುರುತಿಸಿದರೆ ಜನರಿಗೂ ಅದರಿಂದ ರಕ್ಷಣೆ.

5. ನಿಮ್ಹಾನ್ಸ್ ನೆರವಿನಿಂದ ಪ್ರತಿ ಉಪವಿಭಾಗದಲ್ಲಿ ಕೆಲವು ಎಚ್‌ಸಿ, ಎಎಸ್‌ಐಗಳಿಗೆ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಬೇಕು. ಪೊಲೀಸಿನವನು ಮೊದಲು ಬಾಯಿ ಬಿಡುವುದು ಇನ್ನೊಬ್ಬ ಪೊಲೀಸಿನವನ ಹತ್ತಿರ.

6. ಟೆಲಿ-ಮಾನಸ್‌ನಲ್ಲಿ ಪೊಲೀಸ್ ಮತ್ತು ತುರ್ತು ಸೇವೆಯವರಿಗೆ ಪ್ರತ್ಯೇಕ ಕನ್ನಡ ಘಟಕ ತೆರೆಯಲು ಕೇಂದ್ರವನ್ನು ಒತ್ತಾಯಿಸಬೇಕು. ಪೊಲೀಸರಿಗಿರುವ ಆರೋಗ್ಯ ಭಾಗ್ಯ ಯೋಜನೆಯಲ್ಲಿ ಮನೋಚಿಕಿತ್ಸೆಯ ಹೊರರೋಗಿ ವೆಚ್ಚ ಸೇರಿದೆಯೇ ಎಂಬುದು ಪ್ರತಿ ಠಾಣೆಗೂ ತಿಳಿಯುವಂತೆ ಆದೇಶ ಹೊರಡಿಸಬೇಕು.

7. ಈ ಎಲ್ಲ ಸೌಲಭ್ಯ ಅಗ್ನಿಶಾಮಕದವರಿಗೆ, 112ರ ಕರೆ ಸ್ವೀಕರಿಸುವವರಿಗೆ, ಶವಾಗಾರದ ನೌಕರರಿಗೆ, ಗೃಹರಕ್ಷಕರಿಗೆ, ಗುತ್ತಿಗೆಯಲ್ಲಿರುವ 108 ಸಿಬ್ಬಂದಿಗೆ ಸಮನಾಗಿ ಸಿಗಬೇಕು. ಇಲಾಖೆ ಕರೆದಾಗ ನದಿಗೆ ಧುಮುಕುವ ಸ್ಥಳೀಯ ಮುಳುಗು ತಜ್ಞರನ್ನೂ ಮರೆಯಬಾರದು.

ಇದಕ್ಕೆ ಹಣ ಬೇಕು, ನಿಜ. ಆದರೆ ಮೊದಲ ನಾಲ್ಕು ಕೋರಿಕೆಗಳಿಗೆ ಮುಖ್ಯವಾಗಿ ಬೇಕಾದದ್ದು ಆದೇಶ ಮತ್ತು ಸಹಿ. ತರಬೇತಿ ಕೊಟ್ಟು, ಅನುಭವ ಗಳಿಸಿಕೊಂಡ ನೌಕರನೊಬ್ಬ ಕುಡಿತಕ್ಕೋ ಅಮಾನತಿಗೋ ಬಲಿಯಾದರೆ ಸರ್ಕಾರಕ್ಕೆ ಆಗುವ ನಷ್ಟವೂ ಹಣವೇ.

ನನ್ನ ಹಾಗೆ ಕ್ವಾರ್ಟರ್ಸ್‌ಗಳಲ್ಲಿರುವ ಅಕ್ಕತಂಗಿಯರಿಗೂ ಎರಡು ಮಾತು. ಮನೆಯವರು ಮಾತು ಬಿಟ್ಟರೆ, ನಿದ್ದೆ ಬಿಟ್ಟರೆ, ಬಾಟಲಿ ಹಿಡಿದರೆ ಅದನ್ನು ನಿಮ್ಮ ಮೇಲಿನ ಕೋಪವೆಂದು ನುಂಗಿಕೊಳ್ಳಬೇಡಿ. ಏನು ಕಂಡಿರಿ ಎಂದು ಪೀಡಿಸಲೂ ಬೇಡಿ, ಹೇಳಬೇಕೆನಿಸಿದಾಗ ಕೇಳುತ್ತೇನೆ ಎಂದು ಹೇಳಿಡಿ. ಸಾಯುವ ಮಾತು ಬಾಯಿಗೆ ಬಂದರೆ ತಮಾಷೆ ಎಂದುಕೊಳ್ಳದೆ ಜೊತೆಯಲ್ಲೇ ಇರಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಮನೆಯವರು ಒಪ್ಪದಿದ್ದರೆ ನೀವೇ ಮಾಡಿ.

ಮಾನ್ಯರೇ, ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ, ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ. ಆ ದಿನಗಳಲ್ಲಿ ಪ್ರಾಣ ಕೊಟ್ಟವರಿಗೆ ತಾವು ಹೂವಿಟ್ಟು ನಮಿಸುತ್ತೀರಿ, ನಾವೂ ಕೈ ಮುಗಿಯುತ್ತೇವೆ. ಬದುಕಿದ್ದೂ ಒಳಗೆ ಬೇಯುತ್ತಿರುವವರ ಪರವಾಗಿ ನಾನು ಕೇಳುವುದು ಒಂದು ಆದೇಶವನ್ನು. ಬರುವ ಅಕ್ಟೋಬರ್ 21ರೊಳಗೆ ಅದನ್ನು ಹೊರಡಿಸಿ ಎಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೆಡ್ ಕಾನ್‌ಸ್ಟೆಬಲ್ ಒಬ್ಬರ ಪತ್ನಿ